ಎಕ್ಸಾಸ್ಟ್ ನೋಡಿದೆ, ಇನ್‌ಲೆಟ್ ಕಡೆ ನೋಡಲಿಲ್ಲ

ಮನೆಯಲ್ಲೇ ಪೋರ್ಟಿಂಗ್ ಮಾಡಿದ ಬ್ಲಾಕುಗಳು ನಮ್ಮ ಬೋರಿಂಗ್ ಶಾಪಿಗೆ ಈಗೀಗ ಜಾಸ್ತಿ ಬರುತ್ತಿವೆ. ಬ್ಲಾಕ್ ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರ್. ಅದರ ಗೋಡೆಯ ಕಿಂಡಿಗಳನ್ನು (ಪೋರ್ಟ್) ಕೊರೆದು ದೊಡ್ಡದು ಮಾಡುವುದು ಪೋರ್ಟಿಂಗ್, ಸವೆದ ಒಳಗೋಡೆಯನ್ನು ಕೊರೆದು ಸರಿಮಾಡುವುದು ಬೋರಿಂಗ್. ಬಹುಪಾಲು ಯಮಹಾ ಆರ್‌ಎಕ್ಸ್ 100 ಅನ್ನುವ ಟೂ ಸ್ಟ್ರೋಕ್ ಬೈಕಿನವು. ತಯಾರಿ 1996ರಲ್ಲೇ ನಿಂತರೂ ಬೆಂಗಳೂರಿನ ಹುಡುಗರಿಗೆ ಆ ಗಾಡಿ ಮೇಲಿನ ಪ್ರೀತಿ ಕಮ್ಮಿ ಆಗಿಲ್ಲ. ನನಗೂ ಆಗಿಲ್ಲ. ಹೋದ ಮಳೆಗಾಲದಲ್ಲಿ ಕೈಗೆ ಬಂದ ಒಂದು ಬ್ಲಾಕಿನ ವಿಷಯ ಅದಕ್ಕೇ ಇವತ್ತಿಗೂ ಚುಚ್ಚುತ್ತದೆ.

ಹುಡುಗ ಸಣ್ಣ ಗ್ರೈಂಡರ್ ಕೊಂಡು, ವಿಡಿಯೋ ನೋಡಿ, ಟೆರೇಸಿನಲ್ಲಿ ಕೂತು ಪೋರ್ಟ್ ತೆಗೆದಿದ್ದ. ಕೆಲವು ದಿನ ಗಾಡಿ ಚೆನ್ನಾಗೇ ಓಡಿತ್ತು. ಆಮೇಲೆ ಪಿಸ್ಟನ್ ಒಳಗೇ ಹಿಡಿದುಕೊಂಡು ಜಾಮ್. "ಅಣ್ಣಾ, ಬೋರ್ ಮಾಡಿ 0.50 ಪಿಸ್ಟನ್ ಹಾಕಿಕೊಡಿ. ಶನಿವಾರ ಟ್ರ್ಯಾಕಿಗೆ ಬೇಕು" ಅಂದ. 0.50 ಅಂದರೆ ಕಂಪನಿ ಅಳತೆಗಿಂತ ಅರ್ಧ ಮಿ.ಮೀ. ದೊಡ್ಡ ಪಿಸ್ಟನ್. ನಮ್ಮ ಓನರ್ ಬ್ಲಾಕ್ ತಿರುಗಿಸಿಯೂ ನೋಡದೆ ಆಯ್ತು ಅಂದುಬಿಟ್ಟರು. ಜಾಬ್ ಕಾರ್ಡಿನಲ್ಲಿ ಬೋರ್ ಸೈಜಿಗೆ ಜಾಗ ಇದೆ, ಅಡ್ವಾನ್ಸಿಗೆ ಜಾಗ ಇದೆ. ಇದಕ್ಕೆ ಮುಂಚೆ ಯಾರು ಎಲ್ಲೆಲ್ಲಿ ಕೊರೆದಿದ್ದಾರೆ ಅಂತ ಬರೆಯಲು ಜಾಗ ಇಲ್ಲ. ಈ ಮಾತನ್ನು ಓನರ್‌ಗೆ ಹಲವು ಸಲ ಹೇಳಿದ್ದೇನೆ.

ಟೂ ಸ್ಟ್ರೋಕ್‌ನಲ್ಲಿ ವಾಲ್ವ್ ತೆರೆಯುವ ಕ್ಯಾಮ್ ಇಲ್ಲ, ಹೆಡ್‌ನಲ್ಲಿ ವಾಲ್ವ್ ಇಲ್ಲ. ಬ್ಲಾಕಿನ ಗೋಡೆಯಲ್ಲಿರುವ ಕಿಂಡಿಗಳೇ ಟೈಮಿಂಗ್, ಅವನ್ನು ತೆರೆದು ಮುಚ್ಚುವುದು ಪಿಸ್ಟನ್ನೇ. ಇನ್‌ಲೆಟ್‌ನಿಂದ ಪೆಟ್ರೋಲ್, ಗಾಳಿ ಒಳಗೆ ಬರುತ್ತದೆ, ಎಕ್ಸಾಸ್ಟ್‌ನಿಂದ ಹೊಗೆ ಹೊರಗೆ ಹೋಗುತ್ತದೆ. ಆರ್‌ಎಕ್ಸ್ 100ರ ಬೋರ್ (ಒಳ ಅಗಲ) 50 ಮಿ.ಮೀ., ಸ್ಟ್ರೋಕೂ (ಪಿಸ್ಟನ್ ಓಡಾಡುವ ದೂರ) 50. ಎಕ್ಸಾಸ್ಟಿನ ಮೇಲಂಚನ್ನು 1 ಮಿ.ಮೀ. ಎತ್ತಿದರೆ ಡ್ಯುರೇಶನ್, ಅಂದರೆ ಕಿಂಡಿ ತೆರೆದಿರುವ ಅವಧಿ, ಕ್ರ್ಯಾಂಕ್ ತಿರುಗುವ ಲೆಕ್ಕದಲ್ಲಿ ಸುಮಾರು ನಾಲ್ಕೂವರೆ ಡಿಗ್ರಿ ಏರುತ್ತದೆ. ಗ್ರೈಂಡರ್ ಒಂದು ಸಲ ಜಾರಿದರೆ ಸಾಕು, ಅಷ್ಟು ಹೋಗಿರುತ್ತದೆ. ಮೇಲಿನ ಆರ್‌ಪಿಎಂನಲ್ಲಿ ಪವರ್ ಬರುತ್ತದೆ, ಸಿಗ್ನಲ್‌ನಿಂದ ಹೊರಡುವಾಗಿನ ಎಳೆತ ಹೋಗುತ್ತದೆ. ಸೈಲೆನ್ಸರ್ ಚೇಂಬರ್, ಕಾರ್ಬುರೇಟರ್ ಜೆಟ್ ಹಾಗೇ ಬಿಟ್ಟು ಕಿಂಡಿ ಮಾತ್ರ ಎತ್ತಿದರೆ ಆ ಪವರೂ ಪೂರ್ತಿ ಸಿಗಲ್ಲ.

ಹಾಗಾಗಿ ನನ್ನ ಗಮನವೆಲ್ಲ ಎಕ್ಸಾಸ್ಟ್ ಮೇಲಿತ್ತು. ಕ್ರ್ಯಾಂಕ್ ಎಷ್ಟು ತಿರುಗಿದೆ ಅಂತ ಅಳೆಯುವ ಡಿಗ್ರಿ ವೀಲ್ ಹಾಕಿ ನೋಡಿದೆ. ಎತ್ತರ ಜಾಸ್ತಿಯೇ ಇತ್ತು, ಆದರೆ ಟ್ರ್ಯಾಕ್ ಗಾಡಿಗೆ ನಡೆಯುತ್ತದೆ. ಅಗಲವನ್ನೂ ಅಳೆದೆ. ಒಂಟಿ ಎಕ್ಸಾಸ್ಟ್ ಕಿಂಡಿ ಬೋರಿನ ನೂರಕ್ಕೆ 70 ಭಾಗ ದಾಟಬಾರದು, ಅಂದರೆ ಇದಕ್ಕೆ 35 ಮಿ.ಮೀ. ಅದಕ್ಕಿಂತ ಅಗಲವಾದರೆ ಪಿಸ್ಟನ್ ಸುತ್ತ ಇರುವ ರಿಂಗ್ ಕಿಂಡಿಯೊಳಗೆ ಉಬ್ಬಿ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಇದು ಅದರ ಒಳಗೇ ಇತ್ತು. ಅಂಚುಗಳು ಮಾತ್ರ ಚೂಪಾಗಿದ್ದವು. ಜಾಮ್ ಆಗಲು ಅದೇ ಕಾರಣ ಅಂದುಕೊಂಡೆ. ಬೋರ್ ಮಾಡಿ, ಒಳಗೋಡೆ ನಯ ಮಾಡುವ ಹೋನಿಂಗ್ ಮುಗಿಸಿ, ಚೂಪು ಅಂಚುಗಳಿಗೆ ಚಾಂಫರ್ (ಓರೆ) ಹೊಡೆದು ಕೂರಿಸಿದೆ.

ಕಿಕ್ ಹೊಡೆದ ಕೂಡಲೇ ಸ್ಟಾರ್ಟ್ ಆಯಿತು. ಐಡಲ್‌ನಲ್ಲಿ ಒಂದು ಸಣ್ಣ ಶಬ್ದ. ಟಿಕ್, ಟಿಕ್, ಟಿಕ್. ಸ್ಕ್ರೂಡ್ರೈವರ್ ತುದಿಯನ್ನು ಬ್ಲಾಕಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಕೇಳಿದೆ. ಕಾರ್ಬುರೇಟರ್ ಕಡೆ, ಅಂದರೆ ಇನ್‌ಲೆಟ್ ಕಡೆ, ಸ್ವಲ್ಪ ಜೋರಾಗಿತ್ತು. ಹೊಸ ಪಿಸ್ಟನ್ ತಣ್ಣಗಿರುವಾಗ ಗೋಡೆಗೆ ತಟ್ಟುವ ಸದ್ದು, ಸ್ಲ್ಯಾಪ್, ಕೇಳುವುದು ಮಾಮೂಲಿ. ಬಿಸಿಯಾದ ಮೇಲೆ ಕಮ್ಮಿ ಆಗಬೇಕು. ಕಮ್ಮಿ ಆಯಿತು ಕೂಡ. ಆದರೂ ಮನಸ್ಸು ಒಪ್ಪಲಿಲ್ಲ. ಆರಲು ಬಿಟ್ಟು, ಸೈಲೆನ್ಸರ್ ಬಿಚ್ಚಿ, ಟಾರ್ಚ್ ಹಿಡಿದು ಎಕ್ಸಾಸ್ಟ್ ಕಿಂಡಿಯಿಂದ ಒಳಗೆ ನೋಡಿದೆ. ಪಿಸ್ಟನ್ ಮೇಲೆ ಗೀರಿಲ್ಲ. ರಿಂಗ್ ಒತ್ತಿದರೆ ಅಂದವಾಗಿ ಹಿಂದಕ್ಕೆ ಬರುತ್ತಿತ್ತು. ಅಷ್ಟರಲ್ಲಿ ಓನರ್ ಬಂದು "ಆಯ್ತೇನಪ್ಪಾ? ಪಾರ್ಟಿ ಕಾಯ್ತಾ ಇದ್ದಾರೆ" ಅಂದರು. ಸ್ಲ್ಯಾಪೇ ಇರಬೇಕು ಅಂತ ತೀರ್ಮಾನಿಸಿ ಸೈಲೆನ್ಸರ್ ಹಾಕಿದೆ.

ಟ್ರಯಲ್‌ಗೆ ಶಾಪ್ ಹಿಂದಿನ ಖಾಲಿ ಲೇಔಟಿಗೆ ಹೋದೆ. ಇನ್ನೂ ಮನೆ ಏಳದ ಸೈಟುಗಳು, ನೇರ ಟಾರ್ ರೋಡು. ಎರಡನೇ ಗೇರಿನಲ್ಲಿ ಆರಾಮಾಗಿ ಹೋದೆ. ಮೂರನೇ ಗೇರಿಗೆ ಹಾಕಿ ನಿಧಾನಕ್ಕೆ ಥ್ರಾಟಲ್ ತೆರೆದೆ. ಎಂಜಿನ್ ಸ್ವಚ್ಛವಾಗಿ ಏರಿತು. ಎಡಗೈಯ ಎರಡು ಬೆರಳು ಕ್ಲಚ್ ಮೇಲೇ ಇದ್ದವು. ಟೂ ಸ್ಟ್ರೋಕ್ ಟ್ರಯಲ್‌ಗೆ ಹೋಗುವ ಯಾರೂ ಈ ಅಭ್ಯಾಸ ಬಿಡಬಾರದು. ಶಬ್ದ ಒಂದು ಕ್ಷಣ ಒರಟಾಯಿತು, ಕರ್ ಅಂತ ಕೆರೆಯಿತು, ಹಿಂದಿನ ಚಕ್ರ ಹಿಡಿದುಬಿಟ್ಟಿತು. ಗಾಡಿ ಎಡಕ್ಕೆ ಎಳೆಯಿತು. ಕ್ಲಚ್ ಒತ್ತಿದೆ, ಚಕ್ರ ಬಿಟ್ಟಿತು. ಹಿಂದೆ ನೀರಿನ ಟ್ಯಾಂಕರ್ ಹಾರ್ನ್ ಹೊಡೆಯುತ್ತಾ ಬರುತ್ತಿತ್ತು. ಪಕ್ಕದ ಜಲ್ಲಿ ಮೇಲೆ ಇಳಿಸಿ ನಿಲ್ಲಿಸಿದೆ. ಕೈ ನಡುಗುತ್ತಿತ್ತು. ತಳ್ಳಿಕೊಂಡು ವಾಪಸ್ ಬರುವಾಗ ತಲೆಯಲ್ಲಿ ಇದ್ದದ್ದು ಒಂದೇ ಮಾತು: ಇದೇ ಗಾಡಿ ಆ ಹುಡುಗನ ಕೈಯಲ್ಲಿ, ಟ್ರ್ಯಾಕ್ ಮೇಲೆ, ಫುಲ್ ಥ್ರಾಟಲ್‌ನಲ್ಲಿ ಹೀಗೆ ಆಗಿದ್ದರೆ?

ಬಿಚ್ಚಿದಾಗ ಮೇಲಿನ ರಿಂಗಿನ ತುದಿ ಮುರಿದಿತ್ತು. ಎಕ್ಸಾಸ್ಟ್ ಕಡೆ ಒಂದು ಗೀರೂ ಇಲ್ಲ. ಗಾಯವೆಲ್ಲ ಹಿಂದುಗಡೆ, ಇನ್‌ಲೆಟ್ ಪಕ್ಕದಲ್ಲಿ. ಟೂ ಸ್ಟ್ರೋಕ್ ಪಿಸ್ಟನ್ನಿನ ರಿಂಗ್ ಗ್ರೂವ್‌ನಲ್ಲಿ ಸಣ್ಣ ಪಿನ್ ಇರುತ್ತದೆ, ರಿಂಗ್ ತಿರುಗದಿರಲಿ ಅಂತ. ರಿಂಗಿನ ಎರಡು ತುದಿಗಳು ಸೇರುವುದು ಅಲ್ಲೇ. ಆ ತುದಿಗಳು ಗಟ್ಟಿ ಗೋಡೆ ಮೇಲೇ ಜಾರಬೇಕು, ಯಾವ ಕಿಂಡಿಯನ್ನೂ ಹಾಯಬಾರದು. ಈ ಪಿಸ್ಟನ್ನಿನಲ್ಲಿ ಪಿನ್ ಇನ್‌ಲೆಟ್ ಕಡೆ ಇತ್ತು. ಅಲ್ಲಿನ ಕಿಂಡಿಯನ್ನೂ ಹುಡುಗ ಮೇಲಕ್ಕೂ ಪಕ್ಕಕ್ಕೂ ತೆಗೆದಿದ್ದ. ರಿಂಗಿನ ತುದಿ ಪ್ರತಿ ಸುತ್ತಿಗೂ ಅದರ ಅಂಚಿಗೆ ಬಡಿಯುತ್ತಿತ್ತು. ನಾನು ಕೇಳಿದ ಟಿಕ್ ಟಿಕ್ ಅದೇ.

"ಹೌದಣ್ಣ, ಪೆಟ್ರೋಲ್ ಜಾಸ್ತಿ ಹೋಗಲಿ ಅಂತ ಅಲ್ಲೂ ಸ್ವಲ್ಪ ತೆಗೆದಿದ್ದೆ. ನೀವು ಕೇಳಲಿಲ್ಲ" ಅಂದ ಹುಡುಗ. ಅವನು ಹೇಳಿದ್ದು ನಿಜ.

ಈಗ ಬೇರೆಯವರು ಕೈ ಹಾಕಿದ ಬ್ಲಾಕ್ ಬಂದರೆ ಬೋರಿಂಗ್ ಮಷಿನ್‌ಗೆ ಏರಿಸುವ ಮುಂಚೆ ಕಾಗದದಲ್ಲಿ ನಕ್ಷೆ ತೆಗೆಯುತ್ತೇನೆ. 50 ಮಿ.ಮೀ. ಬೋರಿನ ಸುತ್ತಳತೆ 157 ಮಿ.ಮೀ., ಎ4 ಹಾಳೆ ಧಾರಾಳ ಸಾಕು. ಹಾಳೆಯನ್ನು ಸುರುಳಿ ಮಾಡಿ ಒಳಗಿಟ್ಟು, ಎಲ್ಲಾ ಕಿಂಡಿಗಳ ಅಂಚನ್ನೂ ಬೆರಳಲ್ಲಿ ಒತ್ತಿದರೆ ಗುರುತು ಬೀಳುತ್ತದೆ. ಹೊರಗೆ ತೆಗೆದು ಬಿಡಿಸಿ, ರಿಂಗ್ ಪಿನ್ ಓಡಾಡುವ ಗೆರೆ ಎಳೆದರೆ ಎಲ್ಲವೂ ಕಣ್ಣೆದುರೇ ಬರುತ್ತದೆ. ಕಾಲು ಗಂಟೆಯ ಕೆಲಸ. ಇದಕ್ಕೆ ಬಿಲ್ ಮಾಡೋಕಾಗಲ್ಲ ಅಂತ ಓನರ್ ಗೊಣಗುತ್ತಾರೆ, ಗೊಣಗಲಿ.

ಮಜ್ದಾ ಆರ್‌ಎಕ್ಸ್-7 ಕಾರಿನ ರೋಟರಿ ಎಂಜಿನ್ನಿನಲ್ಲೂ (ಪಿಸ್ಟನ್ ಬದಲು ತಿರುಗುವ ಮೂರು ಮೂಲೆಯ ರೋಟರ್ ಇರುವ ಎಂಜಿನ್) ಇದೇ ಕಥೆ. ಅಲ್ಲೂ ಕ್ಯಾಮ್ ಇಲ್ಲ, ಹೌಸಿಂಗ್‌ನಲ್ಲಿರುವ ಕಿಂಡಿಯೇ ಟೈಮಿಂಗ್. ಪಕ್ಕದ ಪ್ಲೇಟಿನ ಇನ್‌ಟೇಕ್ ಕಿಂಡಿಯನ್ನು ಅಳತೆ ಮೀರಿ ಕೊರೆದರೆ ರೋಟರಿನ ಮೂಲೆಯಲ್ಲಿರುವ ಕಾರ್ನರ್ ಸೀಲಿಗೆ ಆಧಾರ ತಪ್ಪುತ್ತದೆ. ಅದಕ್ಕೇ ಅಲ್ಲಿ ಮೊದಲು ಟೆಂಪ್ಲೇಟ್ ಇಟ್ಟು ಗೆರೆ ಎಳೆದು, ಆಮೇಲೆ ಗ್ರೈಂಡರ್ ಹಿಡಿಯುತ್ತಾರೆ.

ಮನೆಯಲ್ಲಿ ಮಾಡಲೇಬೇಕು ಅನ್ನುವವರಿಗೆ ಬೇಡ ಅನ್ನಲ್ಲ. ಕಲಿಯುವ ಆಸೆ ದೊಡ್ಡದು. ಗ್ಯಾಸ್ಕೆಟ್ ಹತ್ತಿರ ಎರಡು ಭಾಗ ಸೇರುವಲ್ಲಿ ಉಳಿದ ಮೆಟ್ಟಿಲು ಸರಿಮಾಡಿ, ಒಳದಾರಿಯಲ್ಲಿ ಎರಕದಿಂದ ಉಳಿದ ಮುಳ್ಳು ತೆಗೆಯಿರಿ, ಕಿಂಡಿಯ ಅಂಚಿಗೆ ಚಾಂಫರ್ ಕೊಡಿ. ಮೇಲಂಚನ್ನು ಮಾತ್ರ ಎತ್ತಬೇಡಿ. ಮುಗಿದ ಮೇಲೆ ಸೋಪು ನೀರಲ್ಲಿ ತೊಳೆದು ಒಣಗಿಸಿ ತಕ್ಷಣ ಆಯಿಲ್ ಸವರಿ. ಮಾಡಿಫೈ ಮಾಡಿದ ಗಾಡಿಯನ್ನು ರೋಡಿಗೆ ಇಳಿಸಬೇಡಿ.

ಆ ಹುಡುಗನಿಗೆ ಶನಿವಾರದ ಟ್ರ್ಯಾಕ್ ತಪ್ಪಿತು. ಬ್ಲಾಕಿನ ಒಳಗಿನ ಹಳೇ ಸ್ಲೀವ್ (ಪಿಸ್ಟನ್ ಓಡಾಡುವ ಕೊಳವೆ) ತೆಗೆದು ಹೊಸದು ಕೂರಿಸಿ, ಕಂಪನಿ ಅಳತೆಗೆ ಕಿಂಡಿ ತೆಗೆದುಕೊಟ್ಟೆವು. ಕೂಲಿ ಅರ್ಧ ನಮ್ಮ ಶಾಪ್ ಹಾಕಿತು. ಮೊದಲ ಸಲ ಜಾಮ್ ಆದ ಪಿಸ್ಟನ್ ಎಲ್ಲಿ ಅಂತ ಕೇಳಿದೆ. ಗುಜರಿಗೆ ಹಾಕಿಬಿಟ್ಟೆ ಅಂದ. ಅದು ಸಿಕ್ಕಿದ್ದರೆ ರಿಂಗ್ ತುದಿಯ ಏಟು ಮೊದಲ ದಿನವೇ ಕಾಣುತ್ತಿತ್ತು. ದಯವಿಟ್ಟು ಬ್ಲಾಕ್ ತರುವಾಗ ಹಳೇ ಪಿಸ್ಟನ್ನು, ಮುರಿದ ರಿಂಗು ಎಲ್ಲಾ ಒಂದು ಕವರ್‌ನಲ್ಲಿ ಹಾಕಿಕೊಂಡು ತನ್ನಿ.