ಕುಕ್ಕರಹಳ್ಳಿ ಸುತ್ತು ಮತ್ತು ಒಂದು ದಪ್ಪ ಕಾದಂಬರಿ: ಇಲ್ಲಿವರೆಗಿನ ಲೆಕ್ಕ

ಮೇ ಕೊನೆ

ಚಳಿಗಾಲದ ಹೊತ್ತಿಗೆ 21.1 ಕಿ.ಮೀ. ನಿಲ್ಲದೆ ಓಡಬೇಕು, ಅಷ್ಟರೊಳಗೆ ಒಂದು ದಪ್ಪ ಕನ್ನಡ ಕಾದಂಬರಿ ಮುಗಿಸಬೇಕು. ಮೊದಲನೆಯದು ನನ್ನ ಆಸೆ, ಎರಡನೆಯದು ನಮ್ಮನೆಯವರ ಷರತ್ತು. "ಶೂಗೆ ಅಷ್ಟೊಂದು ದುಡ್ಡು ಸುರೀತೀರಲ್ಲ, ಒಂದು ಪುಸ್ತಕ ಪೂರ್ತಿ ಓದಿ ತೋರಿಸ್ರೀ ನೋಡೋಣ." ನನ್ನ ಓದು ಅಂದ್ರೆ ಬೆಳಗ್ಗೆ ಕಾಫಿ ಜೊತೆ ಮೈಸೂರು ಮಿತ್ರ, ಅದೂ ತಲೆಬರಹ ಮಾತ್ರ.

ಪುಸ್ತಕ ಹತ್ತಿರದ ಸರ್ಕಾರಿ ಲೈಬ್ರರಿಯಿಂದ ತಂದೆ. ಮನೆ ಕಂದಾಯದ ರಸೀತಿಯಲ್ಲಿ ಗ್ರಂಥಾಲಯ ಕರ ಅಂತ ಒಂದು ಸಾಲಿರುತ್ತೆ, ಕಂದಾಯದ ಮೇಲೆ 6%. ವರ್ಷ ವರ್ಷ ಕಟ್ಟಿದ್ದಕ್ಕೆ ಈಗಲಾದರೂ ಬಡ್ಡಿ ವಸೂಲಾಗಲಿ. ಕೌಂಟರಿನವರು ಪುಸ್ತಕದ ದಪ್ಪ ನೋಡಿದರು, ನನ್ನ ಟ್ರ್ಯಾಕ್ ಪ್ಯಾಂಟ್ ನೋಡಿದರು. "ಹದಿನೈದು ದಿನಕ್ಕೆ ಮುಗಿಯೋದಲ್ಲ ಸಾರ್ ಇದು. ಬಂದು ರಿನ್ಯೂ ಮಾಡಿಸ್ಕೊಳ್ಳಿ."

ಜೂನ್

ಓಟದ ಕಡೆ ಸಲೀಸು. ವಾರದ ಬಹುಪಾಲು ಮೈಸೂರಿನ ಕುಕ್ಕರಹಳ್ಳಿ ಕೆರೆ ಸುತ್ತ, ನಿಧಾನಕ್ಕೆ. ಪೂರ್ತಿ ವಾಕ್ಯ ಮಾತಾಡುವಷ್ಟು ಉಸಿರು ಉಳಿದಿರಬೇಕು, ಅದೇ ಅಳತೆ. ಒಬ್ಬನೇ ಇರೋದರಿಂದ ಮಗ್ಗಿ ಹೇಳ್ಕೋತೀನಿ. ಹದಿನೇಳರ ಮಗ್ಗಿ ಮಧ್ಯದಲ್ಲಿ ನಿಂತರೆ ಉಸಿರು ಸಾಲದ್ದಕ್ಕೋ ಮಗ್ಗಿ ಬಾರದ್ದಕ್ಕೋ ಅನ್ನೋದು ಬೇರೆ ಮಾತು. ಮರಗಳ ಕೆಳಗೆ ಜಿಪಿಎಸ್ ವಾಚು ನನ್ನನ್ನ ಹೆಜ್ಜಾರ್ಲೆಗಳ ಜೊತೆ ನೀರೊಳಗೇ ಓಡಿಸುತ್ತೆ. ದೂರ ಪಕ್ಕಾ ಬೇಕಿದ್ದರೆ ಚಾಮುಂಡಿ ವಿಹಾರ ಸ್ಟೇಡಿಯಮ್ಮಿನ ಟ್ರ್ಯಾಕೇ ಗತಿ. ಅಲ್ಲೂ ಸುತ್ತಿಗೆ 400 ಮೀಟರ್ ಅನ್ನೋದು ಒಳಗಿನ ಲೇನಿನಲ್ಲಿ ಓಡಿದರೆ ಮಾತ್ರ, ಆ ಲೇನು ಹುಡುಗರು ಬಿಡಲ್ಲ.

ಓದು ಮಾತ್ರ ಏಳಲೇ ಇಲ್ಲ. ರಾತ್ರಿ ಮುದ್ದೆ ಉಂಡು ಪುಸ್ತಕ ಹಿಡಿದರೆ ಎರಡನೇ ಪುಟಕ್ಕೆ ತೂಕಡಿಕೆ. ಅದರ ಮೇಲೆ ಹೆಸರುಗಳ ಕಾಟ. ಒಬ್ಬನೇ ಮನುಷ್ಯ ಆಳುಗಳಿಗೆ ಗೌಡ್ರು, ತಮ್ಮನ ಮಕ್ಕಳಿಗೆ ದೊಡ್ಡಪ್ಪ, ಹೆಂಡತಿ ಬಾಯಲ್ಲಿ ಬರೀ 'ಇವರು'. ಹಳೇ 10 ಕಿ.ಮೀ. ಓಟದ ಬಿಬ್ (ಎದೆಗೆ ಚುಚ್ಚಿಕೊಳ್ಳೋ ನಂಬರಿನ ಚೀಟಿ) ಹಿಂದೆ ಆ ಸಂಸಾರದ ನಕ್ಷೆ ಬರೆದಿಟ್ಟೆ. ಬಿಬ್ಬಿನ ಕಾಗದ ಎಳೆದರೂ ಹರಿಯಲ್ಲ, ಬೆವರಿಗೂ ಜಗ್ಗಲ್ಲ. ಈ ಕಡೆ ಓಟದ ನಂಬರು, ನಾಲ್ಕು ಮೂಲೆಗೆ ಪಿನ್ನಿನ ತೂತು. ಆ ಕಡೆ ಮೂರು ತಲೆಮಾರು, ಎರಡು ಮದುವೆ, ಒಂದು ಗದ್ದೆ ವ್ಯಾಜ್ಯ. ಪುಟಕ್ಕೆ ಗುರುತೂ ಅದೇ.

ಆಮೇಲೆ ಓದನ್ನ ಬೆಳಗ್ಗೆಗೇ ತಂದೆ. ಓಟ ಮುಗಿಸಿ ಕೆರೆ ಪಕ್ಕದ ಬೆಂಚಿನಲ್ಲಿ ಕೂತರೆ ಕಾಲು ಏಳು ಅಂದ್ರೂ ಏಳಲ್ಲ. ಫೋನ್ ಮನೆಯಲ್ಲಿ. ಚೀಲದಲ್ಲಿ ಇರೋದು ನೀರಿನ ಬಾಟಲಿ, ಟವೆಲ್ಲು, ಪುಸ್ತಕ. ನೀರು ಕುಡಿದಾಯ್ತು, ಮುಖ ಒರೆಸಿದ್ದಾಯ್ತು, ಇನ್ನೇನು ಮಾಡ್ತೀರಿ? ಹೀಗೆ ಬೇರೆ ದಾರಿಯಿಲ್ಲದೆ ಓದಿದ ಪುಟಗಳೇ ತಲೆಯಲ್ಲಿ ನಿಂತಿರೋದು. ಓದೋಕೆ ಮನಸ್ಸು ಬರಬೇಕು ಅಂತ ಕಾಯೋದನ್ನ ನಾನಂತೂ ಬಿಟ್ಟೆ, ಕಾಲು ಸೋತರೆ ಸಾಕು.

ಒಂದೇ ತೊಂದರೆ, ಇಲ್ಲಿ ಪುಸ್ತಕ ಹಿಡಿದವನನ್ನ ಜನ ಸುಮ್ಮನೆ ಬಿಡಲ್ಲ. "ಏನಪ್ಪಾ, ಪರೀಕ್ಷೆನಾ?" ಅಂತ ಒಬ್ಬ ಹಿರಿಯರು. ಕೂದಲು ನರೆತಿರೋದು ಕಾಣಲಿಲ್ಲ ಅನ್ಸುತ್ತೆ. ಅಲ್ಲ ಸಾರ್, ಕಾದಂಬರಿ ಅಂದೆ. ಕುವೆಂಪು ಇದೇ ಕೆರೆ ಸುತ್ತ ವಾಕಿಂಗ್ ಬರ್ತಿದ್ದರು ಅಂತ ಶುರುವಾಯ್ತು, ಪಕ್ಕದ ಯೂನಿವರ್ಸಿಟಿ ಕ್ಯಾಂಪಸ್ ಮಾನಸಗಂಗೋತ್ರಿಗೆ ಆ ಹೆಸರಿಟ್ಟವರೂ ಅವರೇ ಅಂತ ಮುಂದುವರೀತು. ನಾನು ಓದುತ್ತಿದ್ದ ಪ್ಯಾರಾ ಅಲ್ಲೇ ಉಳೀತು.

ಆಷಾಢ

ಚಾಮುಂಡಿ ಬೆಟ್ಟ ಹತ್ತೋದು ಶುರು. ಶುಕ್ರವಾರ ಬಿಟ್ಟು. ಆಷಾಢ ಶುಕ್ರವಾರ ಮೆಟ್ಟಿಲು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚಿಕೊಂಡು ಹೆಂಗಸರು ಹತ್ತುತ್ತಾರೆ. ಅವರ ನಡುವೆ ವಾಚು ನೋಡ್ಕೊಂಡು ನುಗ್ಗುವವನಿಗೆ ತಾಯಿ ಒಳ್ಳೇದು ಮಾಡಲ್ಲ.

ಏಳುನೂರನೇ ಮೆಟ್ಟಿಲ ಹತ್ತಿರದ ನಂದಿವರೆಗೆ ಓಡುತ್ತಾ ನಡೆಯುತ್ತಾ, ಅಲ್ಲಿಂದ ಮೇಲಕ್ಕೆ ಬರೀ ನಡಿಗೆ. ಹತ್ತುವಾಗ ಎದೆ ಬಡ್ಕೊಳ್ಳುತ್ತೆ, ಅಷ್ಟೇ. ತೊಡೆ ತೆಗೆಯೋದು ಇಳಿಯುವಾಗ. ಮೆಟ್ಟಿಲಿಳಿಯುವಾಗ ತೊಡೆಯ ಸ್ನಾಯು ಮೈಭಾರ ಹೊತ್ತುಕೊಂಡೇ ಹಿಗ್ಗಬೇಕು, ನೋವು ಆವತ್ತಲ್ಲ, ಮಾರನೇ ದಿನ ಅದರ ಮಾರನೇ ದಿನ ಕಾಣಿಸಿಕೊಳ್ಳುತ್ತೆ. ಭಾರತೀಯ ಶೈಲಿ ಕಕ್ಕಸಿನಲ್ಲಿ ಕೂತು ಏಳುವಾಗ ಅದರ ಪೂರ್ಣ ವಿವರ ಸಿಗುತ್ತೆ.

ಅದಕ್ಕೇ ಈಗ ಇಳಿಯೋದು 201 ಬಸ್ಸಿನಲ್ಲಿ. ಸೀಟು ಸಿಕ್ಕ ಖುಷಿಗೆ ಪುಸ್ತಕ ತೆಗೆದರೆ ಮೂರನೇ ತಿರುವಿಗೆ ಅಕ್ಷರ ಒಂದು ಕಡೆ, ಹೊಟ್ಟೆ ಒಂದು ಕಡೆ. ಬೆಟ್ಟದ ರಸ್ತೆ ಓದೋ ಜಾಗವಲ್ಲ. ಇಯರ್‌ಫೋನಿನಲ್ಲಿ ಕಥೆ ಕೇಳ್ಕೊಂಡು ಓಡೋದನ್ನೂ ನೋಡಿದೆ. ಹಿಂದಿನಿಂದ ಬರೋ ಸ್ಕೂಟರ್ ಹಾರ್ನ್ ಕೇಳಿಸಲ್ಲ, ಕೇಳಿಸಿದರೆ ಕಥೆ ತಪ್ಪುತ್ತೆ. ಬೇಡ.

ಶ್ರಾವಣ

ಓಟ 15 ಕಿ.ಮೀ.ವರೆಗೆ ಬಂತು, ಪುಸ್ತಕ ಅರ್ಧ ದಾಟಿತು. ಓಟಕ್ಕಿಂತ ಪುಸ್ತಕವೇ ಚುರುಕಾಗಿದೆ ಅಂದ್ರೆ ನಂಬಲಿಕ್ಕಿಲ್ಲ. ಕಾರಣ ಆ ಗದ್ದೆ ವ್ಯಾಜ್ಯ. ನಮ್ಮ ಮಂಡ್ಯದ ಅತ್ತೆ ಮನೆಯಲ್ಲಿ ನಾಲೆ ನೀರಿನ ಸರದಿಗೆ ನಡೆಯೋ ಜಗಳದ ಮುಂದೆ ಕಾದಂಬರಿಯದ್ದು ಸಪ್ಪೆ. ಆದರೆ ಅತ್ತೆ ಮನೆಯಲ್ಲಿ ಯಾರು ಒಳಗೊಳಗೆ ಏನು ಅಂದ್ಕೊಂಡರು ಅಂತ ಯಾರೂ ಹೇಳಲ್ಲ, ಇಲ್ಲಿ ಬರೆದಿದೆ.

ನಮ್ಮನೆಯವರು ನಾನು ಆಫೀಸಿಗೆ ಹೋದಾಗ ಅದೇ ಪುಸ್ತಕ ಓದಿ ನನ್ನ ದಾಟಿ ಹೋಗಿದ್ದಾರೆ. ನನ್ನ ಬಿಬ್ಬಿನ ನಕ್ಷೆಗೆ ಬಾಲ್ ಪೆನ್ನಿನಲ್ಲಿ ಇನ್ನೊಂದು ಮದುವೆ ಸೇರಿಸಿದ್ದಾರೆ. ಹುಡುಗ ಯಾರು ಅಂತ ಬರೆದಿದ್ದಾರೆ, ಹುಡುಗಿ ಜಾಗದಲ್ಲಿ ಪ್ರಶ್ನೆ ಚಿಹ್ನೆ. ಕೇಳಿದರೆ "ಓದ್ಕೊಳ್ರೀ."

ಈ ಭಾನುವಾರ ಲಿಂಗಾಂಬುಧಿ ಕೆರೆವರೆಗೆ ಹೋಗಿ ವಾಪಸ್, 16 ಕಿ.ಮೀ. ಆಗುವ ಹಾಗೆ. ಸೋಮವಾರ ಓಟ ಇಲ್ಲ, ಲೈಬ್ರರಿಗೆ ಹೋಗಿ ಮತ್ತೆ ರಿನ್ಯೂ.