ನಮ್ಮ ಡಿಜಿಸಿಎ ಲೈಸೆನ್ಸ್‌ನಲ್ಲಿ ಅಮೆರಿಕದಲ್ಲಿ ಸೆಸ್ನಾ ಬಾಡಿಗೆ: ಮೈಸೂರಿನಿಂದ ಹೊರಡುವವರಿಗೆ

ಮೈಸೂರಿನ ಮಂಡಕಳ್ಳಿಯಲ್ಲಿ ಹಾರಾಟ ಕಲಿತ ಸುಮಾರು ಜನರಿಗೆ ಅಮೆರಿಕದಲ್ಲಿ ಅಕ್ಕನೋ, ಅಣ್ಣನೋ, ಸೋದರಮಾವನೋ ಇದ್ದೇ ಇರುತ್ತಾರೆ. ಅವರನ್ನು ನೋಡಲು ಹೋದಾಗ ಅಲ್ಲೊಂದು ಸಣ್ಣ ವಿಮಾನ ಬಾಡಿಗೆಗೆ ತೆಗೆದುಕೊಂಡು ನಾವೇ ಹಾರಿಸಬಹುದಾ ಅಂತ ಆಸೆ ಆಗುವುದು ಸಹಜ. ಖಂಡಿತ ಹಾರಿಸಬಹುದು. ಹೊಸದಾಗಿ ಪರೀಕ್ಷೆ ಬರೆಯದೆ, ಇಲ್ಲಿನ ಡಿಜಿಸಿಎ (ಭಾರತದ ವಿಮಾನಯಾನ ನಿಯಂತ್ರಣ ಸಂಸ್ಥೆ) ಕೊಟ್ಟ ಲೈಸೆನ್ಸ್ ಆಧಾರದ ಮೇಲೇ ನಾನು ಕ್ಯಾಲಿಫೋರ್ನಿಯಾದಲ್ಲಿ ಸೆಸ್ನಾ 172 ಹಾರಿಸಿ ಬಂದೆ. ಆದರೆ ಕೆಲಸ ಮೈಸೂರಿನಲ್ಲೇ, ಹೊರಡುವ ಮೂರು ನಾಲ್ಕು ತಿಂಗಳು ಮುಂಚೆ ಶುರುವಾಗಬೇಕು. ಅಲ್ಲಿಗೆ ಹೋಗಿ ನೋಡೋಣ ಅಂದುಕೊಂಡರೆ ರಜೆ ಮುಗಿದೇ ಹೋಗುತ್ತೆ.

ಅಮೆರಿಕದ ವಿಮಾನಯಾನ ನಿಯಮ 61.75ರ ಪ್ರಕಾರ, ಬೇರೆ ದೇಶದ ಲೈಸೆನ್ಸ್ ಇದ್ದವರಿಗೆ ಎಫ್‌ಎಎ (ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ) ಒಂದು ಪ್ರೈವೇಟ್ ಪೈಲಟ್ ಸರ್ಟಿಫಿಕೇಟ್ ಕೊಡುತ್ತದೆ. ನಿಮ್ಮ ಹತ್ತಿರ ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಇದ್ದರೂ ಸಿಗುವುದು ಪ್ರೈವೇಟ್ ಮಾತ್ರ, ಅದರಲ್ಲಿ ದುಡ್ಡಿಗೆ ಹಾರುವ ಹಾಗಿಲ್ಲ. ಈ ಸರ್ಟಿಫಿಕೇಟ್ ನಮ್ಮ ಲೈಸೆನ್ಸ್ ಜೊತೆಗಿದ್ದರೆ ಮಾತ್ರ ನಡೆಯುತ್ತದೆ. ಇಲ್ಲಿನದು ಅವಧಿ ಮುಗಿದರೆ ಅದಕ್ಕೂ ಬೆಲೆ ಇಲ್ಲ. ಹಾರುವಾಗ ಎರಡೂ ಜೇಬಲ್ಲಿರಬೇಕು, ಜೊತೆಗೆ ಮೆಡಿಕಲ್ (ವೈದ್ಯಕೀಯ ಸರ್ಟಿಫಿಕೇಟ್) ಮತ್ತು ಫೋಟೊ ಇರುವ ಗುರುತಿನ ಚೀಟಿ. ನಮ್ಮ ಮೆಡಿಕಲ್ ಚಾಲ್ತಿಯಲ್ಲಿದ್ದರೆ ಅದೇ ಸಾಕು.

ಮೊದಲ ಹೆಜ್ಜೆ, ನಮ್ಮ ಲೈಸೆನ್ಸ್ ಅಸಲಿ ಅಂತ ಎಫ್‌ಎಎ ಖಚಿತಪಡಿಸಿಕೊಳ್ಳುವುದು. ಇದಕ್ಕೆ 8060-71 ಎಂಬ ಅರ್ಜಿ ಇದೆ. ಅದನ್ನು ಲೈಸೆನ್ಸ್ ಮತ್ತು ಮೆಡಿಕಲ್ ಪ್ರತಿಗಳ ಜೊತೆ ಒಕ್ಲಹೋಮ ಸಿಟಿಯ ಕಚೇರಿಗೆ ಕಳಿಸಬೇಕು. ಅವರು ಡಿಜಿಸಿಎಯನ್ನು ಕೇಳುತ್ತಾರೆ, ದೆಹಲಿಯಿಂದ ಉತ್ತರ ಹೋಗಬೇಕು. ಕನಿಷ್ಠ 90 ದಿನ ಮುಂಚೆ ಅರ್ಜಿ ಹಾಕಿ ಅಂತ ಎಫ್‌ಎಎಯೇ ಹೇಳುತ್ತದೆ. ಹಾಗಂತ ವರ್ಷದ ಮುಂಚೆ ಹಾಕುವುದೂ ಬೇಡ. ಒಪ್ಪಿಗೆ ಪತ್ರಕ್ಕೆ ಆರೇ ತಿಂಗಳ ಅವಧಿ.

ಇಲ್ಲಿ ನಮ್ಮ ಕಡೆಯವರು ತುಂಬಾ ಎಚ್ಚರ ವಹಿಸಬೇಕಾದ ಒಂದು ವಿಷಯ ಇದೆ, ಹೆಸರು. ನಮ್ಮಲ್ಲಿ ಊರಿನ ಹೆಸರು, ಅಪ್ಪನ ಹೆಸರು ಎಲ್ಲ ಇನಿಶಿಯಲ್ ಆಗಿ ಸೇರಿರುತ್ತವೆ. ಮಾರ್ಕ್ಸ್ ಕಾರ್ಡ್‌ನಲ್ಲಿ ಬರೀ 'ಎಚ್.ಎನ್.', ಪಾಸ್‌ಪೋರ್ಟ್‌ನಲ್ಲಿ ಅದೇ ಬಿಡಿಸಿದ ಪೂರ್ತಿ ಹೆಸರು, ಲೈಸೆನ್ಸ್‌ನಲ್ಲಿ ಇನ್ನೊಂದು ಥರ. ಮೈಸೂರು, ಮಂಡ್ಯ ಕಡೆ ಇದು ಮನೆಮನೆ ಕಥೆ. ಆದರೆ ಅಮೆರಿಕದ ಗುಮಾಸ್ತನಿಗೆ ಹೊಳೆನರಸೀಪುರ ಅನ್ನುವುದು ಊರೋ ಮನುಷ್ಯನೋ ಗೊತ್ತಾಗುವುದು ಹೇಗೆ? ಪಾಸ್‌ಪೋರ್ಟ್, ಲೈಸೆನ್ಸ್, ಮೆಡಿಕಲ್ ಮೂರರಲ್ಲೂ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇರುವಂತೆ ಮೊದಲು ಸರಿಪಡಿಸಿಕೊಳ್ಳಿ. ಆಮೇಲೆ ಅರ್ಜಿ. ಲೈಸೆನ್ಸ್ ಮೇಲೆ ಇಂಗ್ಲಿಷ್ ಮಟ್ಟದ ನಮೂದು ಇದೆಯಾ ಅಂತಲೂ ನೋಡಿಕೊಳ್ಳಿ.

2025ರಿಂದ ಇನ್ನೊಂದು ನಿಯಮ ಸೇರಿದೆ. ಅಮೆರಿಕದಲ್ಲಿ ವಿಳಾಸ ಇಲ್ಲದವರು, ತಮ್ಮ ಪರವಾಗಿ ಎಫ್‌ಎಎ ಕಾಗದಪತ್ರ ಪಡೆಯಲು ಅಲ್ಲಿರುವ ಒಬ್ಬರನ್ನು ಏಜೆಂಟ್ ಅಂತ ಹೆಸರಿಸಬೇಕು. 18 ದಾಟಿದ, ಅಲ್ಲಿ ಮನೆ ವಿಳಾಸ ಇರುವ ಯಾರಾದರೂ ಆಗಬಹುದು. ಸ್ಯಾನ್ ಹೋಸೆಯಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ. "ಸಹಿ ತಾನೇ, ಹಾಕ್ತೀನಿ ಬಿಡೋ. ಆದ್ರೆ ಭಾವನ್ನ ಮೊದಲ ದಿನಾನೇ ಮೇಲೆ ಕರ್ಕೊಂಡು ಹೋಗ್ಬೇಡ" ಅಂದಳು. ನ್ಯಾಯವಾದ ಮಾತು. ಪ್ರಯಾಣಿಕರನ್ನು ಕೂರಿಸಿಕೊಳ್ಳಬೇಕಾದರೆ ಹಿಂದಿನ 90 ದಿನಗಳಲ್ಲಿ ಮೂರು ಟೇಕಾಫ್, ಮೂರು ಲ್ಯಾಂಡಿಂಗ್ ಆಗಿರಲೇಬೇಕು ಅನ್ನುವುದು ಅಲ್ಲಿನ ಕಾನೂನು ಕೂಡ.

ಪತ್ರ ಬಂದ ಮೇಲೆ ಎಫ್‌ಎಎ ಜಿಲ್ಲಾ ಕಚೇರಿಯಲ್ಲಿ ಅಪಾಯಿಂಟ್‌ಮೆಂಟ್ ತೆಗೆದುಕೊಂಡು ಖುದ್ದಾಗಿ ಹೋಗಬೇಕು. ಯಾವ ಕಚೇರಿ ಅಂತ ಅರ್ಜಿಯಲ್ಲೇ ಬರೆದಿರುತ್ತೀರಿ. ಅಧಿಕಾರಿ ದಾಖಲೆ ನೋಡಿ, ಇಂಗ್ಲಿಷ್ ಬರುತ್ತಾ ಅಂತ ಮಾತಾಡಿಸಿ, 120 ದಿನ ನಡೆಯುವ ತಾತ್ಕಾಲಿಕ ಸರ್ಟಿಫಿಕೇಟ್ ಕೊಡುತ್ತಾರೆ. ಪ್ಲಾಸ್ಟಿಕ್ ಕಾರ್ಡ್ ಆಮೇಲೆ ಅಂಚೆಯಲ್ಲಿ ಬರುತ್ತದೆ.

ಅಷ್ಟಕ್ಕೇ ಕೀಲಿಕೈ ಕೊಡುವುದಿಲ್ಲ. ಅಲ್ಲಿನ ಇನ್‌ಸ್ಟ್ರಕ್ಟರ್ ಜೊತೆ ಫ್ಲೈಟ್ ರಿವ್ಯೂ ಆಗಬೇಕು. ಕನಿಷ್ಠ ಒಂದು ಗಂಟೆ ಕೂತು ನಿಯಮಗಳ ಮಾತು, ಒಂದು ಗಂಟೆ ಹಾರಾಟ. ಇದರ ಜೊತೆಗೇ, ವಿಮಾನ ಬಾಡಿಗೆ ಕೊಡುವ ಕ್ಲಬ್‌ನವರು ನಮ್ಮ ಹಾರಾಟ ಪರೀಕ್ಷಿಸುವ ಚೆಕ್‌ಔಟ್ ಕೂಡ ಮುಗಿಸಿಕೊಳ್ಳಬಹುದು. ಕನಿಷ್ಠ ಅಂದೆ ಅಲ್ವಾ, ಅದಕ್ಕಿಂತ ಜಾಸ್ತಿ ಹೊತ್ತು ಇಟ್ಟುಕೊಳ್ಳಿ ಅನ್ನುವುದು ನನ್ನ ಸಲಹೆ. ವಿಮಾನ ಅದೇ 172, ಸ್ಟಾಲ್ ಅದೇ, ಸ್ಟೀಪ್ ಟರ್ನ್ ಅದೇ. ಸುತ್ತಲಿನ ಲೋಕ ಮಾತ್ರ ಪೂರ್ತಿ ಬೇರೆ.

ಮಂಡಕಳ್ಳಿಯಲ್ಲಿ ನೆಲದ ಮೇಲೆ ನಿಂತಾಗಲೇ ಆಲ್ಟಿಮೀಟರ್ 2,400 ಅಡಿಯ ಹತ್ತಿರ ತೋರಿಸುತ್ತದೆ. ರನ್‌ವೇ 1,740 ಮೀಟರ್. ಚಾಮುಂಡಿ ಬೆಟ್ಟ ಕಂಡರೆ ದಿಕ್ಕು ಗೊತ್ತಾಯಿತು, ನಂಜನಗೂಡಿನ ಗೋಪುರ ಕಂಡರೆ ದಕ್ಷಿಣ. ಸ್ಯಾನ್ ಹೋಸೆಯ ರೀಡ್ ಹಿಲ್‌ವ್ಯೂ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಬರೀ 135 ಅಡಿ ಎತ್ತರ. ಅಕ್ಕಪಕ್ಕ ಎರಡು ರನ್‌ವೇ, ಒಂದೊಂದೂ 3,100 ಅಡಿ, ಅಂದರೆ ನಮ್ಮದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಸುತ್ತ ಮನೆ, ಅಂಗಡಿ, ರಸ್ತೆ. ಸರ್ಕ್ಯೂಟ್‌ನಲ್ಲಿ (ಇಳಿಯಲು ರನ್‌ವೇ ಸುತ್ತ ಹಾಕುವ ಸುತ್ತು) ನಮ್ಮ ಕಣ್ಣಿಗೆ ರೂಢಿಯಾದ ಅಂಕಿ ಯಾವುದೂ ಅಲ್ಲಿ ನಡೆಯುವುದಿಲ್ಲ. ಗಾಳಿಯ ಒತ್ತಡವನ್ನು ಹೆಕ್ಟೊಪ್ಯಾಸ್ಕಲ್ ಬದಲು ಪಾದರಸದ ಇಂಚಿನಲ್ಲಿ ಹೇಳುತ್ತಾರೆ, 1013ರ ಜಾಗದಲ್ಲಿ 29.92. ಎಷ್ಟು ದೂರ ಕಾಣುತ್ತದೆ ಅನ್ನುವುದು ಮೈಲಿಯಲ್ಲಿ, ಇಂಧನ ಗ್ಯಾಲನ್‌ನಲ್ಲಿ. ಇದೇ ನಿಲ್ದಾಣದಲ್ಲಿ 2022ರ ಜನವರಿಯಿಂದ ಸೀಸ ಬೆರೆತ 100ಎಲ್‌ಎಲ್ ಇಂಧನದ ಮಾರಾಟ ನಿಲ್ಲಿಸಿದರು. ಹಾಗಾಗಿ ನಿಮ್ಮ ವಿಮಾನಕ್ಕೆ ಯಾವುದನ್ನು ತುಂಬಿಸಬೇಕು ಅಂತ ಕ್ಲಬ್‌ನಲ್ಲಿ ಕೇಳಿಯೇ ತುಂಬಿಸಿ.

ಇನ್ನು ರೇಡಿಯೊ. ಸ್ಯಾನ್ ಹೋಸೆಯ ದೊಡ್ಡ ಏರ್‌ಪೋರ್ಟ್ ಪಕ್ಕದಲ್ಲೇ ಇದೆ, ಉತ್ತರಕ್ಕೆ ಹೋದರೆ ಸ್ಯಾನ್ ಫ್ರಾನ್ಸಿಸ್ಕೊದ ಕ್ಲಾಸ್ ಬ್ರಾವೊ (ದೊಡ್ಡ ಏರ್‌ಪೋರ್ಟ್ ಸುತ್ತಲಿನ ನಿಯಂತ್ರಿತ ವಾಯುಪ್ರದೇಶ). ಅಲ್ಲಿ 'ಕ್ಲಿಯರ್ಡ್ ಇನ್‌ಟು ದ ಬ್ರಾವೊ' ಅನ್ನುವ ಮಾತು ಕಿವಿಗೆ ಬೀಳದೆ ಒಳಗೆ ಹೋಗುವಂತಿಲ್ಲ. ನಿಮ್ಮ ಕಾಲ್‌ಸೈನ್ (ವಿಮಾನದ ರೇಡಿಯೊ ಹೆಸರು) ಕರೆದು ಉತ್ತರ ಕೊಟ್ಟರೆ ಸ್ಯಾನ್ ಹೋಸೆಯಂಥ ಏರ್‌ಪೋರ್ಟ್‌ನ ಕ್ಲಾಸ್ ಚಾರ್ಲಿಗೆ ಸಾಕು, ಬ್ರಾವೊಗೆ ಸಾಲದು. ಗೋಲ್ಡನ್ ಗೇಟ್ ಸೇತುವೆ ಮೇಲೆ ಹಾರುವ ಆಸೆ ಇದ್ದರೆ ಮೊದಲ ಸಲ ಇನ್‌ಸ್ಟ್ರಕ್ಟರ್ ಜೊತೆಗೇ ಹೋಗಿ.

ಒಬ್ಬರೇ ಹೋಗುವ ಮೊದಲ ಹಾರಾಟಕ್ಕೆ ನಾನು ಹೇಳುವುದು ದಕ್ಷಿಣದ ವಾಟ್ಸನ್‌ವಿಲ್ ವಿಮಾನ ನಿಲ್ದಾಣ. ಬೆಟ್ಟ ದಾಟಿದರೆ ಎದುರಿಗೆ ಮಾಂಟೆರೆ ಕೊಲ್ಲಿ, ಕೆಳಗೆ ಸ್ಟ್ರಾಬೆರಿ ಹೊಲಗಳು. ಕಂಟ್ರೋಲ್ ಟವರ್ ಇಲ್ಲ. ನಮ್ಮ ದೇಶದಲ್ಲಿ ಕ್ರಾಸ್ ಕಂಟ್ರಿ (ಬೇರೆ ಊರಿಗೆ ಹಾರಾಟ) ಅಂದರೆ ಫ್ಲೈಟ್ ಪ್ಲ್ಯಾನ್, ಎಡಿಸಿ ನಂಬರ್ (ವಾಯು ರಕ್ಷಣಾ ಅನುಮತಿ), ಎಫ್‌ಐಸಿ ನಂಬರ್ (ಹಾರಾಟ ಮಾಹಿತಿ ಕೇಂದ್ರದ್ದು) ಎಲ್ಲ ಕೈಗೆ ಬಂದ ಮೇಲೇ ಅಲ್ವಾ ಎಂಜಿನ್ ಸ್ಟಾರ್ಟ್? ಅಮೆರಿಕದಲ್ಲಿ ಹವಾಮಾನ, ನೋಟಾಮ್ (ಪೈಲಟ್‌ಗಳಿಗೆ ಹೊರಡಿಸುವ ಸೂಚನೆ), ತಾತ್ಕಾಲಿಕ ನಿರ್ಬಂಧ ನೋಡಿಕೊಂಡು ಹೊರಟೇಬಿಡಬಹುದು. ಹತ್ತು ಮೈಲಿ ದೂರದಿಂದ 'ವಾಟ್ಸನ್‌ವಿಲ್ ಟ್ರಾಫಿಕ್' ಅಂತ ನಾನೇ ಕರೆದು, ಎಲ್ಲಿದ್ದೇನೆ, ಏನು ಮಾಡುತ್ತೇನೆ ಹೇಳಿದೆ. ಇಳಿಯಲು ಅನುಮತಿ ಕೊಡುವವರು ಅಂತ ಅಲ್ಲಿ ಯಾರೂ ಇಲ್ಲ. ಡೌನ್‌ವಿಂಡ್‌ನಲ್ಲಿದ್ದ (ರನ್‌ವೇಗೆ ಸಮಾನಾಂತರವಾಗಿ ಹಾರುವ ಭಾಗ) ಇನ್ನೊಬ್ಬ ಪೈಲಟ್ ತಾನಿರುವ ಜಾಗ ಹೇಳಿದ, ಅವನ ರೆಕ್ಕೆ ಬಿಸಿಲಿಗೆ ಮಿನುಗಿದ್ದು ಕಂಡಿತು, ಅವನ ಹಿಂದೆ ಸೇರಿಕೊಂಡೆ. ನನ್ನ ಹಾರಾಟದಲ್ಲಿ ಇಷ್ಟು ಖುಷಿ ಕೊಟ್ಟ ಲ್ಯಾಂಡಿಂಗ್ ಇನ್ನೊಂದಿಲ್ಲ. ದಾರಿಯುದ್ದಕ್ಕೂ ನಾರ್‌ಕ್ಯಾಲ್ ಅಪ್ರೋಚ್ (ಆ ಪ್ರದೇಶದ ರೇಡಾರ್ ನಿಯಂತ್ರಣ ಕೇಂದ್ರ) ಹತ್ತಿರ ಫ್ಲೈಟ್ ಫಾಲೋಯಿಂಗ್ ಕೇಳಿ. ಕಡ್ಡಾಯವಲ್ಲ, ಆದರೆ ರೇಡಾರ್‌ನಲ್ಲಿ ನಿಮ್ಮನ್ನು ನೋಡುತ್ತಾ ಹತ್ತಿರದ ವಿಮಾನಗಳ ಸುದ್ದಿ ಕೊಡುತ್ತಾರೆ. ಬೇಸಿಗೆಯಲ್ಲಿ ಬೆಳಗ್ಗೆ ಕರಾವಳಿ ಮೇಲೆ ಸಮುದ್ರದ ಮೋಡ ಕವಿದಿರುತ್ತದೆ. ಮಧ್ಯಾಹ್ನಕ್ಕೆ ಬುಕ್ ಮಾಡುವುದು ಒಳ್ಳೆಯದು.

ಹಣದ ಲೆಕ್ಕ: ಬಾಡಿಗೆ ಹಾಬ್ಸ್ ಮೀಟರ್ (ವಿಮಾನ ಓಡಿದ ಗಂಟೆ ಎಣಿಸುವ ಮೀಟರ್) ಗಂಟೆ ಲೆಕ್ಕದಲ್ಲಿ. 'ವೆಟ್' ಅಂದರೆ ಇಂಧನ ಸೇರಿ, 'ಡ್ರೈ' ಅಂದರೆ ಇಂಧನ ನಿಮ್ಮದು. ಇನ್‌ಸ್ಟ್ರಕ್ಟರ್ ಶುಲ್ಕ ಬೇರೆ. ರಾತ್ರಿ ಬೇರೆ ಊರಲ್ಲಿ ನಿಲ್ಲಿಸಿದರೆ ದಿನಕ್ಕೆ ಇಷ್ಟು ಗಂಟೆ ಅಂತ ಕನಿಷ್ಠ ಬಾಡಿಗೆ ಹಿಡಿಯುವ ಕ್ಲಬ್‌ಗಳಿವೆ, ಮೊದಲೇ ಕೇಳಿ. ಬಾಡಿಗೆದಾರರ ವಿಮೆ ಮಾತ್ರ ಬಿಡಬೇಡಿ. ಕ್ಲಬ್ ವಿಮೆ ಕ್ಲಬ್ಬನ್ನು ಕಾಪಾಡುತ್ತೆ, ನಿಮ್ಮನ್ನಲ್ಲ.

ಎರಡು ವಾರದ ಪ್ರವಾಸದಲ್ಲಿ ಒಂದೇ ಒಂದು ಸಲ ಹಾರಿದರೆ ಸಾಕು ಅನ್ನುವವರಿಗೆ ಇಷ್ಟೆಲ್ಲ ಓಡಾಟ ಸುಮ್ನೆ. ಇನ್‌ಸ್ಟ್ರಕ್ಟರ್ ಜೊತೆ ಎಡಗಡೆ ಸೀಟಿನಲ್ಲಿ ಕೂತು ಹೋಗಿ, ಅವರೇ ಪೈಲಟ್ ಇನ್ ಕಮಾಂಡ್ (ಹಾರಾಟದ ಹೊಣೆ ಹೊತ್ತ ಪೈಲಟ್) ಆಗಿರುತ್ತಾರೆ. ಅಮೆರಿಕದ ಹೊಸ ಲೈಸೆನ್ಸ್‌ಗೆ ತರಬೇತಿ ಪಡೆಯುವುದು ಇದೆರಡಕ್ಕಿಂತಲೂ ಬೇರೆ ವಿಷಯ. ಅದಕ್ಕೆ ಭದ್ರತಾ ತಪಾಸಣೆ, ವೀಸಾ ಎಲ್ಲವೂ ಬೇರೆ.

ವಾಪಸ್ ಹೊರಡುವ ಮುಂಚೆ ಲಾಗ್‌ಬುಕ್‌ನಲ್ಲಿ ಆ ಗಂಟೆಗಳಿಗೆ ಕ್ಲಬ್‌ನವರ ಸಹಿ ಹಾಕಿಸಿಕೊಳ್ಳಿ, ಬಿಲ್‌ಗಳನ್ನೂ ಜೋಪಾನ ಮಾಡಿ. ಊರಿಗೆ ಬಂದ ಮೇಲೆ ಒಂದು ಸಹಿಗಾಗಿ ಹನ್ನೆರಡು ಗಂಟೆಗೂ ಮೀರಿದ ವ್ಯತ್ಯಾಸದಲ್ಲಿ ಮೇಲ್ ಬರೆಯುತ್ತಾ ಕೂರುವುದು ಕಷ್ಟ.