ಶಾಲೆ ಬ್ಯಾಂಡ್ ಡೈರಿ: ಸ್ಟೋರ್ ರೂಮಿನಿಂದ ಸ್ಟೇಡಿಯಮ್ಮಿನವರೆಗೆ

ಜೂನ್, 2ನೇ ವಾರ

ಮಂಡ್ಯದ ಪಕ್ಕದ ಒಂದು ಹಳ್ಳಿ ಹೈಸ್ಕೂಲಿನಲ್ಲಿ ನಾನು ಗಣಿತದ ಮೇಷ್ಟ್ರು. ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದಾಗ ಸೈಡ್ ಡ್ರಮ್ ಬಾರಿಸ್ತಿದ್ದೆ ಅಂತ ಸ್ಟಾಫ್ ರೂಮಿನಲ್ಲಿ ಬಾಯಿ ತಪ್ಪಿ ಹೇಳಿದ್ದೆ, ಅಷ್ಟೇ. ಪಿಟಿ ಮೇಷ್ಟ್ರಿಗೆ ವರ್ಗ ಆದ ಮಾರನೇ ದಿನ ಬ್ಯಾಂಡ್ ನನ್ನ ತಲೆಗೆ ಬಂತು.

ಸ್ಟೋರ್ ರೂಮ್ ತೆಗೆದು ನೋಡಿದರೆ 5 ಸೈಡ್ ಡ್ರಮ್, ಅದರಲ್ಲಿ 2 ಹರಿದಿವೆ. ದೊಡ್ಡ ಡ್ರಮ್ಮಿನೊಳಗೆ ಇಲಿ ಸಂಸಾರ. 3 ಬ್ಯೂಗಲ್, ಒಂದಕ್ಕೆ ಬಾಯಿಗೆ ಇಡೋ ತುಂಡೇ ಇಲ್ಲ. ಒಂದು ಜೊತೆ ತಾಳ, ಹಿಡಿಕೆಯ ಪಟ್ಟಿ ಕಿತ್ತುಹೋಗಿದೆ. ಸೇರಿದ ಮಕ್ಕಳು 14.

ಜೂನ್, ಕೊನೆ

ರಿಪೇರಿಗೆ ಕೊಟ್ಟ ಅಂಗಡಿಯವರು 4 ದಿನ ಅಂದವರು 3 ವಾರವಾದರೂ ಕೊಡಲಿಲ್ಲ. ಫೋನ್ ಮಾಡಿದರೆ "ನಾಳೆ ಸಾರ್". ಸಾಕಾಗಿ ಡ್ರಮ್ ವಾಪಸ್ ತಂದು, ಹೊಸ ಪ್ಲಾಸ್ಟಿಕ್ ಹಾಳೆ ಕೊಂಡು ನಾವೇ ಕೂತೆವು. ನಾನು ಬೋಲ್ಟುಗಳನ್ನ ಒಂದರ ಪಕ್ಕ ಒಂದು ಬಿಗಿಸ್ತಾ ಹೋದೆ, ಹಾಳೆ ಒಂದು ಕಡೆ ಎಳೆದುಕೊಂಡು ಇನ್ನೊಂದು ಕಡೆ ಸುಕ್ಕಾಯ್ತು. ಅಷ್ಟೊತ್ತೂ ಸುಮ್ನೆ ನಿಂತಿದ್ದ 9ನೇ ಕ್ಲಾಸಿನ ಹುಡುಗ ಬಾಯಿ ಬಿಟ್ಟ: "ಹಂಗಲ್ಲ ಸಾ, ಟ್ರ್ಯಾಕ್ಟರ್ ಚಕ್ರದ ನಟ್ಟು ಬಿಗಿಸ್ದಂಗೆ, ಎದುರುಬದುರು ಬಿಗಿಸ್ಬೇಕು." ಅವನೇ ಕೀಲಿ ತಗೊಂಡು ಒಂದು ಬೋಲ್ಟಿಗೆ ಅರ್ಧ ಸುತ್ತು, ನೇರ ಎದುರಿನದಕ್ಕೆ ಅರ್ಧ ಸುತ್ತು, ಹೀಗೆ ಹೋಗಿ ಕೊನೆಗೆ ಬೆರಳಲ್ಲಿ ಅಂಚಿನ ಸುತ್ತ ತಟ್ಟಿ ಕಿವಿಗೊಟ್ಟು ಕೇಳಿ, ಸದ್ದು ತಗ್ಗಿದ್ದ ಕಡೆ ಇನ್ನೊಂದು ಚೂರು ತಿರುಗಿಸಿದ. ಗಣಿತದಲ್ಲಿ ಅವನಿಗೆ 35 ದಾಟಲ್ಲ. ಡ್ರಮ್ ರಿಪೇರಿ ಇಲಾಖೆ ಈಗ ಅವನದೇ.

ಜುಲೈ, 2ನೇ ವಾರ

ನಡಿಗೆ ಶುರು. ನಿಮಿಷಕ್ಕೆ 120 ಹೆಜ್ಜೆ, ಅಂದ್ರೆ ಒಂದು ಹೆಜ್ಜೆಗೆ ಅರ್ಧ ಸೆಕೆಂಡ್. ಎಡಗಾಲು ಊರುವಾಗ ದೊಡ್ಡ ಡ್ರಮ್ಮಿನ ಏಟು ಬೀಳಬೇಕು. ಹೇಳೋದಕ್ಕೆ ಸುಲಭ. ಮೈದಾನದ ಒಂದು ತುದಿಯಲ್ಲಿ 120ಕ್ಕೆ ಹೊರಟವರು ಇನ್ನೊಂದು ತುದಿ ಮುಟ್ಟುವಾಗ ಬಸ್ಸಿಗೆ ಓಡುವವರ ಹಾಗೆ ಇರ್ತಾರೆ. ಯಾರೋ ಒಬ್ಬರು ಚೂರು ಮುಂದೆ ಹೋದರೆ ಪಕ್ಕದವರು ಹಿಂದೆ ಬೀಳಬಾರದು ಅಂತ ಇನ್ನೂ ಮುಂದೆ ಹೋಗ್ತಾರೆ. ದೊಡ್ಡ ಡ್ರಮ್ಮಿನವನಿಗೆ ಒಂದೇ ಮಾತು ಹೇಳಿದ್ದೇನೆ: ಎಲ್ಲರೂ ಓಡಿದರೂ ನೀನು ಓಡಬೇಡ. ಕ್ಲಾಸಿನಲ್ಲಿ ಎದ್ದು ಉತ್ತರ ಹೇಳೋದಕ್ಕೂ ನಾಚುವ ಹುಡುಗ, 13 ಜನರನ್ನ ತಡೆದು ನಿಲ್ಲಿಸಬೇಕು.

ಜುಲೈ, ಇನ್ನೊಂದಿಷ್ಟು

ಬ್ಯೂಗಲ್ಲಿಗೆ ಗುಂಡಿ, ತೂತು ಏನೂ ಇಲ್ಲ. ಎಲ್ಲಾ ತುಟಿಯಲ್ಲೇ. ತುಟಿ ಬಿಗಿ ಮಾಡಿದರೆ ಮೇಲಿನ ಸ್ವರ, ಸಡಿಲ ಬಿಟ್ಟರೆ ಕೆಳಗಿನದು, ಬಳಸೋದು ಒಟ್ಟು ಐದು ಸ್ವರ ಇರಬಹುದು. ಒಬ್ಬ ಹುಡುಗಿಗೆ 9 ದಿನ ಬರೀ ಗಾಳಿ ಬಂತು. 10ನೇ ದಿನ ಸದ್ದು ಬಂದಾಗ ಅವಳೇ ಬೆಚ್ಚಿಬಿದ್ದಳು. ಅದಾದ ಮೇಲೆ ಅವರಮ್ಮ ಶಾಲೆಗೇ ಬಂದರು: "ಮೇಷ್ಟ್ರೇ, ಇವ್ಳು ಪೀಪಿ ಊದಿದ್ರೆ ನಮ್ಮ ಎಮ್ಮೆ ಹಾಲೇ ಕೊಡಕಿಲ್ಲ." ನಾನು ಏನು ಹೇಳೋದು ಅಂತ ಯೋಚಿಸುವಷ್ಟರಲ್ಲಿ ಹುಡುಗಿಯೇ ರಾಜಿ ಮಾಡಿಕೊಂಡಳು. ಹಾಲು ಕರೆದಾದ ಮೇಲೆ 20 ನಿಮಿಷ, ಅದೂ ನಾಲೆ ಏರಿ ಮೇಲೆ, ಬದಲಿಗೆ ಬೆಳಿಗ್ಗೆ ಕೊಟ್ಟಿಗೆ ಕಸ ಅವಳದು. ಅಮ್ಮ ಒಪ್ಪಿದರು. ನಾನು ನನ್ನ ಹೆಡ್‌ಮೇಷ್ಟ್ರ ಹತ್ತಿರ ಇಷ್ಟು ಚೆನ್ನಾಗಿ ಮಾತಾಡಿದ್ದಿದ್ದರೆ ಬ್ಯಾಂಡಿಗೆ ದುಡ್ಡು ಯಾವತ್ತೋ ಬರ್ತಿತ್ತು.

ಆಗಸ್ಟ್, ಮೊದಲ ವಾರ

ಮಂಡ್ಯದ ವಿಶ್ವೇಶ್ವರಯ್ಯ ಸ್ಟೇಡಿಯಮ್ಮಿನಲ್ಲಿ ರಿಹರ್ಸಲ್. ಶಾಲೆ ಮೈದಾನದಲ್ಲಿ ಸರಿಯಾಗಿದ್ದದ್ದು ಇಲ್ಲಿ ಪೂರಾ ಎಡವಟ್ಟು. ಗ್ಯಾಲರಿಗೆ ಬಡಿದು ವಾಪಸ್ ಬಂದ ಸದ್ದಿಗೆ ಹಿಂದಿನ ಸಾಲಿನವರು ಹೆಜ್ಜೆ ಹಾಕ್ತಿದ್ದರು. ಮಾರನೇ ದಿನ ಬೋರ್ಡಿನ ಮೇಲೆ ಲೆಕ್ಕ ಮಾಡಿಸಿದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ. ಗೋಡೆ 50 ಮೀಟರ್ ದೂರ ಇದ್ದರೆ ಹೋಗಿ ಬರೋದಕ್ಕೆ ಹತ್ತಿರಹತ್ತಿರ 0.3 ಸೆಕೆಂಡ್. ಹೆಜ್ಜೆಗೆ ಇರೋದೇ 0.5. "ಹಂಗಾದ್ರೆ ಕಿವಿ ನಂಬಂಗಿಲ್ಲ ಸಾ" ಅಂದಳು ತಾಳದ ಹುಡುಗಿ. ಹೌದು, ಅಲ್ಲಿ ಕಣ್ಣನ್ನೇ ನಂಬಬೇಕು. ಲೀಡರ್ ಕೈಯ ಕೋಲು ಏಳೋದು, ಇಳಿಯೋದು ನೋಡಿಕೊಂಡು ನಡೀಬೇಕು.

ಇನ್ನೊಂದು ನಿಯಮವೂ ಸೇರಿತು: ತಪ್ಪಾದರೆ ಕೈ ನಿಲ್ಲಿಸಿ, ಕಾಲು ನಿಲ್ಲಿಸಬೇಡಿ. ಮುಂದಿನ ಎಡಗಾಲಿಗೆ ಕಾದು ಸೇರಿಕೊಳ್ಳಿ. ಕಡ್ಡಿ ಬಿದ್ದರೆ ಬಗ್ಗಬೇಡಿ, ಹಿಂದಿನವರು ಮೈಮೇಲೆ ಬೀಳ್ತಾರೆ.

ಆಗಸ್ಟ್ 15

ಬೆಳಿಗ್ಗೆ ಜಿನುಗು ಮಳೆ. ವೇದಿಕೆ ಇನ್ನೇನು ಬಂತು ಅನ್ನುವಾಗ ಎರಡನೇ ಸಾಲಿನ ಹುಡುಗಿಯ ಬಲಗೈ ಕಡ್ಡಿ ಒದ್ದೆ ಕೈಯಿಂದ ಜಾರಿತು. ನನ್ನ ಎದೆ ಧಸಕ್ ಅಂತು. ಅವಳು ಬಗ್ಗಲಿಲ್ಲ, ತಿರುಗಿಯೂ ನೋಡಲಿಲ್ಲ. ಖಾಲಿ ಕೈಯನ್ನ ಬಾರಿಸುವ ಹಾಗೇ ಆಡಿಸ್ತಾ, ಎಡಗೈ ಕಡ್ಡಿಯಲ್ಲಿ ಬರೀ ಎಡಗಾಲಿನ ಏಟು ಹಾಕ್ತಾ ಹೋದಳು. ಹಿಂದಿನವನು ಕಡ್ಡಿ ದಾಟಿ ಹೆಜ್ಜೆ ಇಟ್ಟ. ಬಹುಮಾನ ಬರಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಗಲಾಟೆಯೋ ಗಲಾಟೆ. ಆ ಹುಡುಗಿಗೆ ಎಲ್ಲರೂ ಸೇರಿ ಒಂದು ಕಡ್ಡಿ ಐಸ್‌ಕ್ರೀಮ್ ಕೊಡಿಸಿದರು, ತಮಾಷೆಗೆ.

ಸೆಪ್ಟೆಂಬರ್

ಬ್ಯಾಂಡ್ ಅಂದ ಕೂಡಲೇ ಎಲ್ಲರೂ "ಶಿಸ್ತು" ಅಂತಾರೆ. ನನಗೇನೂ ಕಾಣಲಿಲ್ಲಪ್ಪ. ಈ 14 ಜನ ಈಗಲೂ ನನ್ನ ಪಿರಿಯಡ್ಡಿಗೆ ತಡವಾಗೇ ಬರ್ತಾರೆ. ಆದರೆ ಮೊನ್ನೆ ಟೆಸ್ಟಿನಲ್ಲಿ ಆ ಟ್ರ್ಯಾಕ್ಟರ್ ಹುಡುಗ 3ನೇ ಲೆಕ್ಕ ಅರ್ಧಕ್ಕೆ ಬಿಟ್ಟು 4, 5, 6 ಮಾಡಿದ್ದ. ಮೊದಲೆಲ್ಲ ಒಂದು ಕೈಕೊಟ್ಟರೆ ಅಲ್ಲೇ ಪೆನ್ನು ಕೆಳಗಿಟ್ಟು ಕೂರ್ತಿದ್ದ. ಕೇಳಿದ್ದಕ್ಕೆ ನಗ್ತಾ "ಕೈ ನಿಲ್ತು ಸಾ, ಕಾಲು ನಿಲ್ಲಿಸ್ನಿಲ್ಲ" ಅಂದ. ಬಂದದ್ದು 41.

10ನೇ ಕ್ಲಾಸಿನವರು ಇನ್ನು ಪರೀಕ್ಷೆ ಕಡೆ ಹೋಗಬೇಕು, ಅದಕ್ಕೆ 8ನೇ ಕ್ಲಾಸಿನ 5 ಮಕ್ಕಳನ್ನ ತಗೊಂಡಿದ್ದೇವೆ. ಕಲಿಸೋದು ಹಳಬರೇ. ದಸರಾ ಜಂಬೂ ಸವಾರಿಗೆ ಮೈಸೂರಿಗೆ ಕರ್ಕೊಂಡು ಹೋಗಿ ಪೊಲೀಸ್ ಬ್ಯಾಂಡಿನವರ ಕಾಲುಗಳನ್ನ ಮಾತ್ರ ನೋಡಿ ಅನ್ನಬೇಕು ಅಂತಿದೆ, ಆನೆ ಬಂದ ಮೇಲೆ ಯಾರು ನೋಡ್ತಾರೋ ಗೊತ್ತಿಲ್ಲ. ಇವತ್ತು ಸಂಜೆ ಬೇವಿನ ಮರದ ಕೆಳಗೆ ಬ್ಯೂಗಲ್ ಹುಡುಗಿ ಹೊಸಬಳಿಗೆ ಪಾಠ ಮಾಡ್ತಿದ್ದಳು. ತುಟಿ ಹೇಗೆ ಬಿಗಿ ಹಿಡೀಬೇಕು ಅಂತ ತೋರಿಸ್ತಾಳೆ ಅಂದುಕೊಂಡೆ. ಅವಳು ಮೊದಲು ಕೇಳಿದ್ದು, "ನಿಮ್ಮನೇಲಿ ಎಮ್ಮೆ ಐತೇನೆ?"